ಜೈವಿಕ ಅನಿಲದ ದಹನ ಮತ್ತು ಉತ್ಕರ್ಷಣಕಾರಿಗಳು

ಸಗಣಿ, ಮೇವಿನ ಉಳಿಕೆ, ತರಕಾರಿ ಕಸದಂಥ ವಸ್ತುಗಳು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತಾಗ ಹುಟ್ಟುವ, ಮೀಥೇನ್ ಹೆಚ್ಚಾಗಿರುವ ಅನಿಲಕ್ಕೆ ಜೈವಿಕ ಅನಿಲ ಎಂದು ಹೆಸರು. ಹಳ್ಳಿಗಳಲ್ಲಿ ಅದು ಗೋಬರ್ ಗ್ಯಾಸ್. ಸಿಲಿಂಡರ್ ಅನಿಲದಷ್ಟು ಚುರುಕಾಗಿ ಇದು ಉರಿಯುವುದಿಲ್ಲ ಎಂಬ ದೂರು ಬಹಳ ಹಳೆಯದು. ಆ ದೂರಿಗೆ ಪರಿಹಾರವಾಗಿ ಆಗಾಗ ಕೇಳಿಬರುವ ಸಲಹೆಯೆಂದರೆ, ಆಮ್ಲಜನಕವನ್ನು ಬಿಟ್ಟುಕೊಡುವ ರಾಸಾಯನಿಕಗಳನ್ನು, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಸಿಯಂ ಪರ್ಮಾಂಗನೇಟ್, ನೈಟ್ರೇಟ್ ಲವಣಗಳು, ಓಝೋನ್ ಇಲ್ಲವೇ ಶುದ್ಧ ಆಮ್ಲಜನಕವನ್ನೇ, ಅನಿಲದ ಜೊತೆಗೋ ಉರಿಯ ಜೊತೆಗೋ ಸೇರಿಸುವುದು. ಇವುಗಳನ್ನು ಒಟ್ಟಾಗಿ ಉತ್ಕರ್ಷಣಕಾರಿಗಳು ಎನ್ನುತ್ತಾರೆ. ಉರಿಗೆ ಆಮ್ಲಜನಕ ಬೇಕೆಂಬುದು ನಿಜವಾದ್ದರಿಂದ ಈ ಸಲಹೆ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ, ಗೋಬರ್ ಗ್ಯಾಸಿನ ಉರಿ ಸಪ್ಪೆಯಾಗಲು ಆಮ್ಲಜನಕದ ಕೊರತೆ ಕಾರಣವಲ್ಲ. ಉತ್ಕರ್ಷಣಕಾರಿಗಳಿಗೆ ಈ ವ್ಯವಸ್ಥೆಯಲ್ಲಿ ಉಪಯುಕ್ತವಾದ ಒಂದು ಜಾಗವಿದೆ, ಆದರೆ ಅದು ಬರ್ನರಿನ ಬಾಯಿಯಲ್ಲ, ಅನಿಲವನ್ನು ಗಂಧಕದಿಂದ ಶುದ್ಧಗೊಳಿಸುವ ಹಂತ. ಈ ಲೇಖನ ಅದನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುತ್ತದೆ.

ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಆಳದ ಕೊಳವೆಬಾವಿ, ಹಿಪ್ಪುನೇರಳೆ ತೋಟ, ಸೀಮೆಹಸು ಇವೇ ಇಲ್ಲಿನ ರೈತನ ಬದುಕನ್ನು ಹಿಡಿದು ನಿಲ್ಲಿಸಿವೆ. ಹಾಲಿನ ಸಂಘ ಇರುವ ಕಡೆ ಸಗಣಿಯೂ ಇರುತ್ತದೆ. ಕುರುಚಲು ಕಾಡು ಕರಗುತ್ತ ಬಂದ ಊರುಗಳಲ್ಲಿ ಸೌದೆಯ ಹುಡುಕಾಟ ಹೆಂಗಸರ ತಲೆಯ ಮೇಲಿನ ಹೊರೆಯಾಗಿ ಉಳಿದಿದೆ. ಬಾಗೇಪಲ್ಲಿಯಲ್ಲಿ 1977ರಲ್ಲಿ ಶುರುವಾದ ಅಡಾಟ್ಸ್ ಸಂಸ್ಥೆ ಮತ್ತು ಬಾಗೇಪಲ್ಲಿ ಕೂಲಿ ಸಂಘ ಸೇರಿ ರೂಪಿಸಿದ ಜೈವಿಕ ಅನಿಲ ಕಾರ್ಯಕ್ರಮ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಕ್ಯೋಟೋ ಒಪ್ಪಂದದ ಆ ವ್ಯವಸ್ಥೆಯಲ್ಲಿ, ಇಂಗಾಲ ಉಳಿಸಿದ್ದಕ್ಕೆ ಸಿಗುವ ಹಣವೇ ಘಟಕ ಕಟ್ಟಲು ಬಂಡವಾಳವಾಗುತ್ತಿತ್ತು. ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗುಡಿಬಂಡೆ ತಾಲ್ಲೂಕುಗಳ ಕೂಲಿ ಕುಟುಂಬಗಳಿಗಾಗಿ ತಲಾ 2 ಘನಮೀಟರ್ ಸಾಮರ್ಥ್ಯದ 5,500 ಘಟಕಗಳು ಆ ಯೋಜನೆಯ ಗುರಿಯಾಗಿದ್ದವು. ಪಕ್ಕದ ಕೋಲಾರದಲ್ಲಿ ನೆಲೆಗೊಂಡ ಎಸ್‌ಕೆಜಿ ಸಂಘ, ಘಟಕದಿಂದ ಹೊರಬರುವ ಬಗ್ಗಡವನ್ನು ಎರೆಗೊಬ್ಬರದೊಂದಿಗೆ ಜೋಡಿಸಿದ ಕೆಲಸಕ್ಕಾಗಿ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಹೀಗೆ ಕೋಲಾರ ಮತ್ತು ಚಿಕ್ಕಬಳ್ಳಾಪುರದ ಅಡುಗೆಮನೆಗಳಲ್ಲಿ ಸಾವಿರಾರು ಸಣ್ಣ ಘಟಕಗಳು ನೆಲೆಯೂರಿದವು. ಅವುಗಳ ಉರಿಯನ್ನು ಹೇಗೆ ಸುಧಾರಿಸಬೇಕು ಎಂಬುದು ಆ ಮನೆಗಳ ದಿನನಿತ್ಯದ ಪ್ರಶ್ನೆ.

ಈ ಘಟಕಗಳಲ್ಲಿ ಹೆಚ್ಚಿನವು ದೀನಬಂಧು ಮಾದರಿಯವು. 1984ರಲ್ಲಿ ಅಫ್‌ಪ್ರೋ ಸಂಸ್ಥೆ ರೂಪಿಸಿದ ಈ ಮಾದರಿಯಲ್ಲಿ, ಖಾದಿ ಆಯೋಗದ ಹಳೆಯ ಘಟಕಗಳಲ್ಲಿದ್ದ ತೇಲುವ ಕಬ್ಬಿಣದ ಡ್ರಮ್ಮಿನ ಬದಲು ನೆಲದೊಳಗೆ ಇಟ್ಟಿಗೆ ಸಿಮೆಂಟಿನ ಸ್ಥಿರ ಗುಮ್ಮಟವಿರುತ್ತದೆ. 2 ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ ಮತ್ತು ಅಷ್ಟೇ ನೀರು ಬೇಕು. ಕೊಟ್ಟಿಗೆಯಲ್ಲಿ ಮೂರು ನಾಲ್ಕು ಸೀಮೆಹಸು ಇದ್ದರೆ ಸಗಣಿಗೆ ತೊಂದರೆಯಿಲ್ಲ. ಹೊರಬರುವ ಅನಿಲದಲ್ಲಿ ಶೇ. 55ರಿಂದ 65 ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಾವಿ ಮತ್ತು ಅತ್ಯಲ್ಪ ಪ್ರಮಾಣದ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುವುದು ಕೊನೆಯದರಿಂದ. ಶೇ. 60 ಮೀಥೇನ್ ಇರುವ ಒಂದು ಘನಮೀಟರ್ ಅನಿಲ ಪೂರ್ತಿ ಉರಿದರೆ ಸುಮಾರು 20 ಮೆಗಾಜೂಲ್ ಶಾಖ ಸಿಗುತ್ತದೆ. ಅಷ್ಟೇ ಗಾತ್ರದ ಸಿಲಿಂಡರ್ ಅನಿಲ ಇದರ ನಾಲ್ಕೈದು ಪಟ್ಟು ಶಾಖ ಕೊಡುತ್ತದೆ.

ಉರಿ ಸಪ್ಪೆಯಾಗುವ ಮೂಲ ಇಂಗಾಲದ ಡೈಆಕ್ಸೈಡಿನಲ್ಲಿದೆ. ಅದು ಆಗಲೇ ಉರಿದು ಮುಗಿದ ವಸ್ತು. ಅದಕ್ಕೆ ಇನ್ನಷ್ಟು ಆಮ್ಲಜನಕ ಕೊಟ್ಟರೆ ಏನೂ ಆಗದು. ಅದು ಮಾಡುವ ಕೆಲಸವೆಂದರೆ ಮೀಥೇನ್ ಉರಿದು ಹೊಮ್ಮಿಸಿದ ಶಾಖದಲ್ಲಿ ಪಾಲು ಪಡೆದು ತಾನೂ ಕಾಯುವುದು. ಶುದ್ಧ ಮೀಥೇನ್ ಗಾಳಿಯಲ್ಲಿ ಉರಿದಾಗ ಉರಿಯ ತಾಪ ಗರಿಷ್ಠ ಸುಮಾರು 1,950 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಜೈವಿಕ ಅನಿಲದ್ದು ಅದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ. ಉರಿ ಹರಡುವ ವೇಗವೂ ತಗ್ಗುತ್ತದೆ. ಮೀಥೇನ್ ಮತ್ತು ಗಾಳಿಯ ಮಿಶ್ರಣದಲ್ಲಿ ಸೆಕೆಂಡಿಗೆ 38ರಿಂದ 40 ಸೆಂಟಿಮೀಟರ್ ಇರುವ ವೇಗ ಜೈವಿಕ ಅನಿಲದಲ್ಲಿ 25ರ ಆಸುಪಾಸಿಗೆ ಇಳಿಯುತ್ತದೆ. ಬರ್ನರಿನ ತೂತಿನಿಂದ ಅನಿಲ ಹೊರಬರುವ ವೇಗ ಉರಿಯ ವೇಗವನ್ನು ಮೀರಿದರೆ ಉರಿ ತೂತನ್ನು ಬಿಟ್ಟು ಮೇಲೇಳುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಗ್ಯಾಸ್ ನಿಲ್ಲುವುದಿಲ್ಲ ಎಂದು ಮನೆಯವರು ಹೇಳುವುದು ಈ ಸ್ಥಿತಿಯನ್ನು. ಆಮ್ಲಜನಕದ ವಿಷಯಕ್ಕೆ ಬಂದರೆ, ಒಂದು ಘನಮೀಟರ್ ಅನಿಲ ಪೂರ್ತಿ ಉರಿಯಲು 5.7 ಘನಮೀಟರ್ ಗಾಳಿ ಸಾಕು. ತೆರೆದ ಒಲೆಯ ಸುತ್ತ ಅದಕ್ಕೆ ಎಂದೂ ಬರವಿಲ್ಲ.

ಹಾಗಿದ್ದೂ ರಾಸಾಯನಿಕದಿಂದಲೇ ಆಮ್ಲಜನಕ ಕೊಡುತ್ತೇವೆ ಎಂದಿಟ್ಟುಕೊಳ್ಳೋಣ. ಒಂದು ಘನಮೀಟರ್ ಅನಿಲದಲ್ಲಿರುವ ಮೀಥೇನಿಗೆ ಬೇಕಾದ ಆಮ್ಲಜನಕದ ತೂಕ 1.57 ಕಿಲೋ. ಹೈಡ್ರೋಜನ್ ಪೆರಾಕ್ಸೈಡ್ ಒಡೆದಾಗ ಅದರ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಮ್ಲಜನಕ ಬಿಡುಗಡೆಯಾಗುವುದರಿಂದ ಶುದ್ಧ ಪೆರಾಕ್ಸೈಡ್ 3.3 ಕಿಲೋ ಬೇಕು. ಮಾರುಕಟ್ಟೆಯ ಶೇ. 30ರ ದ್ರಾವಣವಾದರೆ ಅದು 11 ಕಿಲೋ. ಎರಡು ಘನಮೀಟರಿನ ಘಟಕವುಳ್ಳ ಮನೆಗೆ ದಿನಕ್ಕೆ 22 ಕಿಲೋ! ಖರ್ಚಿನ ಮಾತು ಹಾಗಿರಲಿ, ಶಾಖದ ಲೆಕ್ಕವೇ ತಲೆಕೆಳಗಾಗುತ್ತದೆ. ಆ 11 ಕಿಲೋ ದ್ರಾವಣದಲ್ಲಿ ಮೊದಲೇ ಇರುವ ನೀರು ಮತ್ತು ಪೆರಾಕ್ಸೈಡ್ ಒಡೆದು ಉಳಿಯುವ ನೀರು ಸೇರಿ ಸುಮಾರು ಒಂಬತ್ತೂವರೆ ಕಿಲೋ. ಅದು ಉರಿಯಲ್ಲಿ ಆವಿಯಾಗಲು 23 ಮೆಗಾಜೂಲ್ ಬೇಕು. ಅನಿಲದಿಂದ ಬರುವುದು 20. ಪೆರಾಕ್ಸೈಡ್ ಒಡೆಯುವಾಗ ತಾನೇ ಹೊಮ್ಮಿಸುವ ಶಾಖ ಒಂಬತ್ತೂವರೆ. ಎರಡನ್ನೂ ಕೂಡಿಸಿ ನೀರಿನ ಪಾಲು ಕಳೆದರೆ ಪಾತ್ರೆಗೆ ಉಳಿಯುವುದು ಆರು ಮೆಗಾಜೂಲಿನ ಆಸುಪಾಸು. ಇಷ್ಟು ಖರ್ಚು ಮಾಡಿ ಉರಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದಂತಾಯಿತು. ಪರ್ಮಾಂಗನೇಟಿನದು ಇನ್ನೂ ಕಷ್ಟ. ಕಾಯಿಸಿದಾಗ ಅದು ಬಿಡುವ ಆಮ್ಲಜನಕ ತೂಕದ ಹತ್ತನೇ ಒಂದು ಪಾಲು ಮಾತ್ರವಾದ್ದರಿಂದ, ಅದೇ ಕೆಲಸಕ್ಕೆ 15 ಕಿಲೋಗೂ ಹೆಚ್ಚು ಪುಡಿ ಬೇಕಾಗುತ್ತದೆ. ಉಳಿಯುವ ಮ್ಯಾಂಗನೀಸ್ ಬೂದಿಯನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬೇರೆ. ಕ್ಲೋರೇಟ್, ಅಮೋನಿಯಂ ನೈಟ್ರೇಟುಗಳು ಪಟಾಕಿ ಮತ್ತು ಬಂಡೆ ಸಿಡಿಸುವ ಉದ್ಯಮಕ್ಕೆ ಸೇರಿದವು. ಅಡುಗೆಮನೆಯ ಉರಿಯ ಹತ್ತಿರ ಅವುಗಳಿಗೆ ಜಾಗವಿಲ್ಲ ಎಂಬುದನ್ನು ಖಡಾಖಂಡಿತವಾಗಿ ಹೇಳಬೇಕು.

ಅನಿಲವನ್ನು ಪೆರಾಕ್ಸೈಡ್ ಅಥವಾ ಪರ್ಮಾಂಗನೇಟ್ ದ್ರಾವಣದ ಮೂಲಕ ಗುಳ್ಳೆಗಳಾಗಿ ಹಾಯಿಸಿದರೆ ಅದು ಆಮ್ಲಜನಕ ತುಂಬಿಕೊಂಡು ಬರುವುದಿಲ್ಲವೇ ಎಂದು ಕೇಳಬಹುದು. ಕೋಣೆಯ ತಾಪದಲ್ಲಿ ಈ ದ್ರಾವಣಗಳು ಮೀಥೇನನ್ನು ಮುಟ್ಟುವುದೇ ಇಲ್ಲ. ಅದರ ಇಂಗಾಲ ಹೈಡ್ರೋಜನ್ ಬಂಧ ಅಷ್ಟು ಗಟ್ಟಿ. ದ್ರಾವಣ ಒಡೆದು ಬಿಡುಗಡೆಯಾದ ಆಮ್ಲಜನಕ ಕೊಳವೆಯಲ್ಲಿ ಅನಿಲದ ಜೊತೆ ಬೆರೆತರೆ ಆಗುವುದು ಅಪಾಯ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರ ನಡುವೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಶುದ್ಧ ಆಮ್ಲಜನಕದಲ್ಲಿ ಈ ಮಿತಿ ಶೇ. 60ರವರೆಗೂ ಹಿಗ್ಗುತ್ತದೆ. ಗುಮ್ಮಟದಿಂದ ಒಲೆಯವರೆಗಿನ ಕೊಳವೆಯೊಳಗೆ ಉರಿಯಬಲ್ಲ ಮಿಶ್ರಣ ತಯಾರಾಗಿ ಕೂತರೆ ಬರ್ನರಿನ ಕಿಡಿ ಹಿಂದಕ್ಕೆ ಓಡುತ್ತದೆ. ಇಂಧನ ಮತ್ತು ಉತ್ಕರ್ಷಣಕಾರಿ ಸೇರಬೇಕಾದ ಜಾಗ ಬರ್ನರಿನ ತಲೆ ಒಂದೇ. ರಾಕೆಟ್‌ಗಳಲ್ಲಿ ಉತ್ಕರ್ಷಣಕಾರಿ ಬಳಸುತ್ತಾರಲ್ಲ ಎಂಬ ವಾದಕ್ಕೂ ಉತ್ತರ ಇಲ್ಲಿಯೇ ಇದೆ. ರಾಕೆಟ್ ಏರುವ ಎತ್ತರದಲ್ಲಿ ಗಾಳಿ ಇಲ್ಲ, ಅದಕ್ಕೇ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ದ್ರವ ಇಂಧನದ ರಾಕೆಟ್‌ಗಳಲ್ಲಿ ಎರಡೂ ಬೇರೆ ಬೇರೆ ತೊಟ್ಟಿಗಳಲ್ಲಿದ್ದು ಉರಿಯುವ ಕೋಣೆಯಲ್ಲಿ ಮಾತ್ರ ಭೇಟಿಯಾಗುತ್ತವೆ.

ರಾಸಾಯನಿಕ ಬೇಡ, ಶುದ್ಧ ಆಮ್ಲಜನಕವನ್ನೇ ಕೊಡೋಣ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಗಾಜು, ಉಕ್ಕು ಕರಗಿಸುವ ಕುಲುಮೆಗಳಲ್ಲಿ ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಸಾರಜನಕವನ್ನು ಸುಮ್ಮನೆ ಕಾಯಿಸಿ ಹೊರಗೆ ಬಿಡುವ ನಷ್ಟ ಆಗ ತಪ್ಪುತ್ತದೆ. ಶುದ್ಧ ಆಮ್ಲಜನಕದಲ್ಲಿ ಮೀಥೇನಿನ ಉರಿ 2,700 ಡಿಗ್ರಿಯನ್ನೂ ದಾಟುತ್ತದೆ. ಕೋವಿಡ್ ಕಾಲದಲ್ಲಿ ಊರೂರಿಗೂ ಪರಿಚಯವಾದ ಆಮ್ಲಜನಕ ಸಾಂದ್ರಕ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಿಮಿಷಕ್ಕೆ 5 ಲೀಟರ್ ಕೊಡುವ ಅಂಥ ಯಂತ್ರ ಸುಮಾರು 350 ವಾಟ್ ವಿದ್ಯುತ್ ಬಳಸುತ್ತದೆ. ಒಂದು ಘನಮೀಟರ್ ಜೈವಿಕ ಅನಿಲಕ್ಕೆ ಬೇಕಾದ 1,200 ಲೀಟರ್ ಆಮ್ಲಜನಕಕ್ಕೆ ಅದು ನಾಲ್ಕು ಗಂಟೆ ಓಡಬೇಕು, ಖರ್ಚು 1.4 ಯೂನಿಟ್, ಅಂದರೆ 5 ಮೆಗಾಜೂಲ್. ಆ ವಿದ್ಯುತ್ತನ್ನು ನೇರವಾಗಿ ಇಂಡಕ್ಷನ್ ಒಲೆಗೆ ಕೊಟ್ಟರೆ ನಾಲ್ಕಕ್ಕೂ ಹೆಚ್ಚು ಮೆಗಾಜೂಲ್ ಪಾತ್ರೆಗೇ ಸೇರುತ್ತದೆ. ಭಾರತೀಯ ಮಾನಕ ಐಎಸ್ 8749 ಜೈವಿಕ ಅನಿಲದ ಒಲೆಗೆ ಕೇಳುವ ದಕ್ಷತೆ ಶೇ. 55. ಆಮ್ಲಜನಕ ಬೆರೆಸುವುದು ಇಂಡಕ್ಷನ್ ಒಲೆಗೆ ಸರಿಸಾಟಿಯಾಗಬೇಕಾದರೆ ಈ 55ನ್ನು ಒಂದೇ ನೆಗೆತಕ್ಕೆ 76ಕ್ಕೆ ಏರಿಸಬೇಕು. ತೆರೆದ ಒಲೆಯಲ್ಲಿ ಶಾಖ ಪಾತ್ರೆಯ ಪಕ್ಕದಿಂದ ಜಾರಿ ಹೋಗುತ್ತಿರುವಾಗ ಅದು ಆಗುವ ಮಾತಲ್ಲ. ಗಾಜು ಕರಗಲು ಸಾವಿರ ಡಿಗ್ರಿ ದಾಟಬೇಕು, ಅಲ್ಲಿ ಉರಿಯ ತಾಪಕ್ಕೇ ಬೆಲೆ. ಮುದ್ದೆಯ ಹಿಟ್ಟು ಬೇಯುವ ನೀರು 100 ಡಿಗ್ರಿಯನ್ನು ದಾಟುವುದೇ ಇಲ್ಲ.

ಮೇಲಿನದೆಲ್ಲ ಪೂರ್ತಿ ಆಮ್ಲಜನಕವನ್ನು ಬದಲಿಸುವ ಲೆಕ್ಕ. ಚಿಟಿಕೆಯಷ್ಟು ಸೇರಿಸಿ ಉರಿಯ ಸರಪಳಿ ಕ್ರಿಯೆಯನ್ನು ಚುರುಕುಗೊಳಿಸಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ. ದಹನ ನಡೆಯುವುದೇ ಕ್ಷಣಜೀವಿ ಕಣಗಳ ಸರಪಳಿಯಿಂದ. ಗಾಳಿಯಲ್ಲಿ ಅಲ್ಪ ಓಝೋನ್ ಬೆರೆಸಿದಾಗ ಅದು ಉರಿಯ ಅಂಚಿನಲ್ಲಿ ಒಡೆದು ಒಂಟಿ ಆಮ್ಲಜನಕ ಪರಮಾಣು ಬಿಡುತ್ತದೆ. ಪ್ರಯೋಗಾಲಯಗಳಲ್ಲಿ ಮೀಥೇನ್ ಉರಿಯ ವೇಗ ಇದರಿಂದ ಶೇಕಡಾ ಕೆಲವಷ್ಟು ಏರಿದ್ದು ದಾಖಲಾಗಿದೆ. ಡೀಸೆಲ್ ಎಂಜಿನ್ನುಗಳಲ್ಲಿ ನೈಟ್ರೇಟ್ ಮತ್ತು ಪೆರಾಕ್ಸೈಡ್ ಜಾತಿಯ ಸಂಯುಕ್ತಗಳನ್ನು ಇಂಧನ ಬೇಗ ಹೊತ್ತಿಕೊಳ್ಳಲೆಂದು ಸೇರಿಸುವುದು ಹಳೆಯ ರೂಢಿ. ಜೈವಿಕ ಅನಿಲ ಮತ್ತು ಡೀಸೆಲ್ ಎರಡನ್ನೂ ಉರಿಸುವ ಎಂಜಿನ್ನಿನಲ್ಲಿ ಹೊತ್ತಿಸುವ ಕೆಲಸ ಡೀಸೆಲ್ಲಿನದಾದ್ದರಿಂದ, ಅಲ್ಲಿ ಇಂಥ ಸೇರ್ಪಡೆಗೆ ಅರ್ಥವಿದೆ. ಆದರೆ ಈ ಉಪಾಯ ಒಲೆಗೆ ಇಳಿದಾಗ ಬೆಲೆ ಕಳೆದುಕೊಳ್ಳುತ್ತದೆ. ಎಂಜಿನ್ನಿನಲ್ಲಿ ದಹನ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಬೇಕು, ವೇಗಕ್ಕೇ ಅಲ್ಲಿ ಬೆಲೆ. ಒಲೆಯಲ್ಲಿ ವೇಗದ ಕೊರತೆಯನ್ನು ಬರ್ನರಿನ ತೂತು ದೊಡ್ಡದು ಮಾಡಿ ಬಗೆಹರಿಸಬಹುದು, ಅದಕ್ಕೆ ದಿನದಿನದ ಖರ್ಚೂ ಇಲ್ಲ. ಓಝೋನ್ ಶ್ವಾಸಕೋಶಕ್ಕೆ ಹಾನಿ ಮಾಡುವ ಅನಿಲ ಎಂಬುದನ್ನೂ ಮರೆಯಬಾರದು. ಇನ್ನೊಂದು ಮಾತು: ರಾಸಾಯನಿಕ ಹಾಕಿದ ಮೇಲೆ ಉರಿ ನೀಲಿಯಾಯಿತು ಎನ್ನುವುದು ಪುರಾವೆಯಲ್ಲ. ಅದೇ ನೀರು, ಅದೇ ಪಾತ್ರೆ, ಅಳೆದ ಅನಿಲ ಇಟ್ಟು, ಕುದಿಯಲು ಹಿಡಿದ ಹೊತ್ತನ್ನು ರಾಸಾಯನಿಕ ಹಾಕಿಯೂ ಹಾಕದೆಯೂ ಹೋಲಿಸಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಬದುಕಿಡೀ ಕೇಳಿದ್ದು ಇಂಥ ಪರೀಕ್ಷೆಯನ್ನೇ.

ಉತ್ಕರ್ಷಣಕಾರಿಯನ್ನು ನೇರವಾಗಿ ತೊಟ್ಟಿಗೇ ಹಾಕುವ ಯೋಚನೆ ಎಲ್ಲಕ್ಕಿಂತ ಹಾನಿಕರ. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವೇ ವಿಷ. ಪೆರಾಕ್ಸೈಡನ್ನೋ ಪರ್ಮಾಂಗನೇಟನ್ನೋ ಧಾರಾಳವಾಗಿ ಸುರಿದರೆ ಬಗ್ಗಡದೊಳಗಿನ ಆ ಸಂಸಾರ ಸಾಯುತ್ತದೆ, ಮತ್ತೆ ಅನಿಲ ಹುಟ್ಟಲು ವಾರಗಟ್ಟಲೆ ಕಾಯಬೇಕು. ನೈಟ್ರೇಟ್ ಹಾಕಿದರೆ ಅದನ್ನು ಉಸಿರಾಡುವ ಬೇರೆ ಜಾತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆದು, ಮೀಥೇನಾಗಬೇಕಿದ್ದ ಇಂಗಾಲವನ್ನು ತಾವೇ ತಿಂದು ಮುಗಿಸುತ್ತವೆ. ಹಾಗಿದ್ದರೂ ಇದೇ ರಸಾಯನಶಾಸ್ತ್ರವನ್ನು ಅತ್ಯಂತ ಮಿತವಾಗಿ ಬಳಸಿದಾಗ ಒಂದು ನಿಜವಾದ ಪ್ರಯೋಜನ ಸಿಗುತ್ತದೆ, ಮತ್ತು ಈ ವಿಷಯದ ಸಾರ ಇರುವುದೇ ಅಲ್ಲಿ.

ಹೈಡ್ರೋಜನ್ ಸಲ್ಫೈಡ್ ಸಗಣಿ ಅನಿಲದಲ್ಲಿ ಕೆಲವು ನೂರರಿಂದ ಒಂದೆರಡು ಸಾವಿರ ಪಿಪಿಎಂವರೆಗೆ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಇರಬಹುದು. ಅದು ನೀರಾವಿಯ ಜೊತೆ ಸೇರಿ ಕಬ್ಬಿಣ, ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ವಾಲ್ವ್ ಬಿಗಿಯಾಗುತ್ತದೆ, ಬರ್ನರಿಗೆ ಅನಿಲ ಬಿಡುವ ಜೆಟ್ಟಿನ ತೂತು ಕಟ್ಟಿಕೊಳ್ಳುತ್ತದೆ, ಬರ್ನರ್ ಸವೆಯುತ್ತದೆ. ಉರಿದಾಗ ಗಂಧಕದ ಡೈಆಕ್ಸೈಡ್ ಆಗಿ ಅಡುಗೆ ಮಾಡುವವರ ಕಣ್ಣು ಗಂಟಲಿಗೆ ತಾಗುತ್ತದೆ. ಎಂಜಿನ್ನಿನಲ್ಲಾದರೆ ಎಣ್ಣೆ ಆಮ್ಲೀಯವಾಗಿ ಬೇರಿಂಗ್ ಹಾಳಾಗುತ್ತದೆ. ಇದು ಮೀಥೇನಿನಂತಲ್ಲ, ಉತ್ಕರ್ಷಣಕಾರಿಗೆ ಕೂಡಲೇ ಬಗ್ಗುತ್ತದೆ. ಪೆರಾಕ್ಸೈಡ್ ತಾಗಿದರೆ ಅದು ಗಂಧಕ ಮತ್ತು ನೀರಾಗಿ ಬೇರ್ಪಡುತ್ತದೆ. ಪ್ರಮಾಣವನ್ನು ನೋಡಿ. 2,000 ಪಿಪಿಎಂ ಇದ್ದರೂ ಒಂದು ಘನಮೀಟರಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮೂರು ಗ್ರಾಂ ಕೂಡ ಇಲ್ಲ. ಅದಕ್ಕೆ ಬೇಕಾದ ಶೇ. 30ರ ಪೆರಾಕ್ಸೈಡ್ 9 ಗ್ರಾಂ. ಉರಿಗೆ 11 ಕಿಲೋ ಕೇಳಿದ್ದ ಅದೇ ರಾಸಾಯನಿಕ ಶುದ್ಧೀಕರಣಕ್ಕೆ ಸಾವಿರದ ಇನ್ನೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಒಂದೇ ವಸ್ತು ಒಂದು ಕಡೆ ನಿರರ್ಥಕವೂ ಇನ್ನೊಂದು ಕಡೆ ಕೈಗೆಟುಕುವಂಥದೂ ಆಗುವುದು ಈ ಅಂತರದಿಂದ.

ಮನೆಮಟ್ಟದ ಘಟಕಕ್ಕೆ ಪೆರಾಕ್ಸೈಡಿಗಿಂತಲೂ ತಕ್ಕದ್ದು ಕಬ್ಬಿಣದ ತುಕ್ಕು. ಲೇತ್ ಅಂಗಡಿಯ ಕಬ್ಬಿಣದ ಸುರುಳಿಗಳನ್ನು ತೋಯಿಸಿ ತುಕ್ಕು ಹಿಡಿಸಿ, ಅಗಲವಾದ ಕೊಳವೆಯಲ್ಲಿ ತುಂಬಿ, ಅನಿಲವನ್ನು ಅದರ ಮೂಲಕ ಹಾಯಿಸಿದರೆ ತುಕ್ಕು ಕಬ್ಬಿಣದ ಸಲ್ಫೈಡ್ ಆಗಿ ಗಂಧಕವನ್ನು ಹಿಡಿದಿಡುತ್ತದೆ. 2 ಘನಮೀಟರಿನ ಘಟಕಕ್ಕೆ, ಗಂಧಕ ಹೆಚ್ಚಿದ್ದಾಗಲೂ, ದಿನಕ್ಕೆ 9 ಗ್ರಾಂ ಕಬ್ಬಿಣದ ಆಕ್ಸೈಡ್ ಸಾಕಾಗುತ್ತದೆ. ಕಪ್ಪಾದ ಸುರುಳಿಗಳನ್ನು ಹೊರತೆಗೆದು ಗಾಳಿಗೆ ಹರಡಿದರೆ ಅವು ಮತ್ತೆ ತುಕ್ಕಾಗುತ್ತವೆ. ಇಲ್ಲಿ ಉತ್ಕರ್ಷಣಕಾರಿಯ ಕೆಲಸ ಮಾಡುವುದು ಖರ್ಚಿಲ್ಲದ ಗಾಳಿಯೇ. ಒಂದು ಎಚ್ಚರಿಕೆ ಅತ್ಯಗತ್ಯ. ಈ ಮರುತುಕ್ಕು ಹಿಡಿಯುವ ಕ್ರಿಯೆಯಲ್ಲಿ ಶಾಖ ಹೊಮ್ಮುತ್ತದೆ, ಒಣ ರಾಶಿ ತಾನಾಗಿ ಹೊತ್ತಿಕೊಳ್ಳಲೂಬಹುದು. ಹಾಗಾಗಿ ತೇವವಾಗಿಟ್ಟು, ಬಯಲಲ್ಲಿ, ತೆಳುವಾಗಿ, ಹುಲ್ಲಿನ ಬಣವೆಯಿಂದ ದೂರದಲ್ಲಿ ಹರಡಬೇಕು. ದೊಡ್ಡ ಘಟಕಗಳಲ್ಲಿ ಇನ್ನೊಂದು ಕ್ರಮವಿದೆ. ಅನಿಲದ ಗಾತ್ರದ ಶೇ. 2ರಿಂದ 6ರಷ್ಟು ಗಾಳಿಯನ್ನು ಅನಿಲ ನಿಲ್ಲುವ ಜಾಗಕ್ಕೆ ಅಳೆದು ಊದುತ್ತಾರೆ. ಗಂಧಕ ತಿನ್ನುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡಿನ ಬಹುಪಾಲನ್ನು ಹಳದಿ ಗಂಧಕವನ್ನಾಗಿ ಮಾಡುತ್ತವೆ. ಯುರೋಪಿನ ಹೈನು ಘಟಕಗಳಲ್ಲಿ ಇದು ಸಾಮಾನ್ಯ. ಇಷ್ಟು ಗಾಳಿಯಲ್ಲಿ ಅನಿಲ ಸ್ಫೋಟದ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೂ ಅಳೆಯುವ ಸಾಧನವಿಲ್ಲದ ಮನೆಯ ಗುಮ್ಮಟಕ್ಕೆ ಪಂಪಿನಿಂದ ಅಂದಾಜಿಗೆ ಗಾಳಿ ಹೊಡೆಯುವುದನ್ನು ಯಾರಿಗೂ ಸಲಹೆ ಮಾಡಲಾಗದು.

ಗಂಧಕ ತೆಗೆದರೆ ಉರಿಯ ಶಾಖ ಹೆಚ್ಚುವುದಿಲ್ಲ ಎಂದು ಆಕ್ಷೇಪಿಸಬಹುದು. ಅದು ಸರಿಯೇ. ಜೆಟ್ಟು ಮೊದಲ ದಿನದಂತೆ ಎರಡು ವರ್ಷದ ಮೇಲೂ ಇರುತ್ತದೆ, ಲಾಭ ಅದು. ಉರಿಯ ಬಲವನ್ನೇ ಹೆಚ್ಚಿಸಬೇಕಾದರೆ ನೋಡಬೇಕಾದ ಕಡೆಗಳು ಬೇರೆ. ಹಳ್ಳಿಗಳಲ್ಲಿ ಸಿಲಿಂಡರ್ ಅನಿಲದ ಒಲೆಗೇ ಗೋಬರ್ ಗ್ಯಾಸ್ ಕೊಳವೆ ಜೋಡಿಸುವುದುಂಟು. ಆ ಒಲೆಯ ಜೆಟ್ಟು ನಾಲ್ಕೈದು ಪಟ್ಟು ಶಾಖವುಳ್ಳ, ಮೂರು ಪಟ್ಟು ಒತ್ತಡದ ಅನಿಲಕ್ಕಾಗಿ ಕೊರೆದದ್ದು. ಅದರಲ್ಲಿ ಗೋಬರ್ ಗ್ಯಾಸ್ ಬೇಕಾದಷ್ಟು ಹರಿಯುವುದೇ ಇಲ್ಲ. ಜೆಟ್ಟನ್ನಷ್ಟೇ ಅಗಲ ಮಾಡಿದರೆ ಬರ್ನರಿನ ತಲೆಯ ಸಣ್ಣ ತೂತುಗಳಿಂದ ಅನಿಲ ವೇಗವಾಗಿ ನುಗ್ಗಿ ಉರಿ ಎದ್ದು ಹೋಗುತ್ತದೆ. ಜೆಟ್ಟು, ಗಾಳಿಯ ಕಿಂಡಿ, ತಲೆಯ ತೂತುಗಳು ಮೂರೂ ಒಂದಕ್ಕೊಂದು ಹೊಂದಬೇಕು. ಅದಕ್ಕೆ ಮಾನಕ ಗುರುತಿನ ಜೈವಿಕ ಅನಿಲದ ಒಲೆಯೇ ಬೇಕು. ಗಂಟೆಗೆ 0.45 ಘನಮೀಟರ್ ಉರಿಸುವ ಅಂಥ ಒಲೆ ಎರಡೂವರೆ ಕಿಲೋವಾಟ್ ಶಾಖ ಕೊಡುತ್ತದೆ, ಸಿಲಿಂಡರ್ ಒಲೆಯ ದೊಡ್ಡ ಬರ್ನರಿಗೆ ಅದು ಕಡಿಮೆಯೇನಲ್ಲ. ಉರಿಯ ತುದಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿಯ ಕಿಂಡಿ ತೆರೆಯಬೇಕು, ಉರಿ ಹಾರುತ್ತಿದ್ದರೆ ಮುಚ್ಚಬೇಕು. ಉತ್ಕರ್ಷಣಕಾರಿ ಹೆಚ್ಚಿಸುವ ಅತ್ಯಂತ ಅಗ್ಗದ ವಿಧಾನ ಈ ಕಿಂಡಿಯೇ. ಇನ್ನು ನೀರು. ಗುಮ್ಮಟದಿಂದ ಹೊರಡುವ ಅನಿಲ ತೇವದಿಂದ ತುಂಬಿರುತ್ತದೆ. ನಂದಿ ಬೆಟ್ಟದ ತಪ್ಪಲಿನ ಚಳಿಗಾಲದ ರಾತ್ರಿಗಳಲ್ಲಿ ಅದು ಕೊಳವೆಯಲ್ಲಿ ಹನಿಗಟ್ಟಿ, ತಗ್ಗಾದ ಕಡೆ ನಿಂತು ಅನಿಲದ ದಾರಿ ಕಟ್ಟುತ್ತದೆ. ಬೆಳಗ್ಗೆ ಉರಿ ಕುಣಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಕೊಳವೆಯನ್ನು ಒಂದೇ ಇಳಿಜಾರಿಗೆ ಹಾಕಿ ತಗ್ಗಿನ ತುದಿಗೆ ನೀರು ಬಸಿಯುವ ನಲ್ಲಿ ಇಟ್ಟರೆ ಸಾಕು. ಅದೇ ಚಳಿಯಲ್ಲಿ ಸೂಕ್ಷ್ಮಜೀವಿಗಳೂ ನಿಧಾನವಾಗಿ ಅನಿಲ ಕಡಿಮೆ ಹುಟ್ಟುತ್ತದೆ, ಒತ್ತಡ ಇಳಿಯುತ್ತದೆ. ಬೇಸಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಸಗಣಿಗೆ ನೀರು ಸಾಲದೆ ಬಗ್ಗಡ ಗಟ್ಟಿಯಾಗುತ್ತದೆ. ಕೊಟ್ಟಿಗೆ ತೊಳೆದ ನೀರು, ಗಂಜಲವನ್ನೇ ಕಲಸಲು ಬಳಸುವುದು ಈ ಒಣನಾಡಿಗೆ ಒಪ್ಪುವ ಪರಿಹಾರ. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ, ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ, ಊರಿಗೆಲ್ಲ ಅಡುಗೆ ಅನಿಲ ಕೊಡಲು ಕಟ್ಟಿದ ಘಟಕ ಆ ರೂಪದಲ್ಲಿ ನಿಲ್ಲಲಿಲ್ಲ. ಅಲ್ಲಿ ಸೋತದ್ದು ಉರಿಯಲ್ಲ, ಸಗಣಿ ಸಾಲಲಿಲ್ಲ. 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ ಕುಡಿಯುವ ನೀರು, ದೀಪ ಕೊಟ್ಟಾಗ ಊರು ಅದನ್ನು ತನ್ನದೆಂದು ಹಿಡಿದುಕೊಂಡಿತು.

ಮೂಲ ಅಡ್ಡಿ ಇಂಗಾಲದ ಡೈಆಕ್ಸೈಡ್ ಎಂದಮೇಲೆ ಅದನ್ನೇ ತೆಗೆಯಬಾರದೇಕೆ? ಸುಣ್ಣದ ನೀರಿನ ಮೂಲಕ ಹಾಯಿಸಿದರೆ ಅದು ನಿಜಕ್ಕೂ ಹೋಗುತ್ತದೆ. ಆದರೆ ಒಂದು ಘನಮೀಟರಿಗೆ 1.2 ಕಿಲೋ ಅರಳಿದ ಸುಣ್ಣ ಬೇಕು, ಮತ್ತು ಆ ಸುಣ್ಣ ಸುಡುವಾಗ ಅಷ್ಟೇ ಡೈಆಕ್ಸೈಡ್ ಗೂಡಿನಿಂದ ಹೊರಬಿದ್ದಿರುತ್ತದೆ. ಒತ್ತಡದ ನೀರಿನಲ್ಲಿ ಕರಗಿಸಿ ತೆಗೆಯುವ ವಿಧಾನ ದೊಡ್ಡ ಘಟಕಗಳಿಗೆ ಸರಿ. ಸ್ವೀಡನ್ ಹಾಗೆ ಶುದ್ಧಗೊಳಿಸಿದ ಅನಿಲದಿಂದ ಬಸ್ಸು ಓಡಿಸುತ್ತಿದೆ. ಭಾರತದಲ್ಲಿ 2018ರ ಅಕ್ಟೋಬರಿನಲ್ಲಿ ಆರಂಭವಾದ ಸತತ್ ಯೋಜನೆ ಇಂಥ ಸಂಕುಚಿತ ಅನಿಲವನ್ನು ತೈಲ ಕಂಪನಿಗಳು ಕೊಳ್ಳುವಂತೆ ಮಾಡಿತು. ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ಸುರಿದು ಹೋಗುವ ಹಣ್ಣು, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯ ಉಳಿಕೆ, ಗೌರಿಬಿದನೂರಿನ ಜೋಳದ ದಂಟು ಇವೆಲ್ಲ ಅಂಥ ಮಧ್ಯಮ ಗಾತ್ರದ ಘಟಕಕ್ಕೆ ಕಚ್ಚಾವಸ್ತು. ಆ ಅಳತೆಯಲ್ಲಿ ಅಳೆದು ಊದುವ ಗಾಳಿ, ಕಬ್ಬಿಣದ ಶೋಧಕ, ನೀರಿನ ಗೋಪುರ ಮೂರನ್ನೂ ಕೂರಿಸಿ, ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬರನ್ನು ನೇಮಿಸಲು ಸಾಧ್ಯ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಈ ಚರ್ಚೆಯಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತದೆ. ನಾಡಿನ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದಿರುವ ಈ ಊರಿನಲ್ಲಿ ಗೂಡು ಬೇಯಿಸಲು, ಬೇಸಿನ್ನಿನ ನೀರು ಬಿಸಿಯಿಡಲು ಒಲೆಗಳು ಗಂಟೆಗಟ್ಟಲೆ ಉರಿಯಬೇಕು. ಅಲ್ಲಿ ಬೇಕಾದದ್ದು ಏರದ ಇಳಿಯದ ಸ್ಥಿರ ಶಾಖ, ಏಕೆಂದರೆ ಬೇಸಿನ್ನಿನ ಬಿಸಿ ಏರುಪೇರಾದರೆ ಎಳೆ ತುಂಡಾಗುತ್ತದೆ. ಸೌದೆಗಿಂತ ಅನಿಲದ ಉರಿಯನ್ನು ಹದಕ್ಕೆ ತರುವುದು ಸುಲಭ. ಒಂದು ಮನೆಯ ಘಟಕದ ಅನಿಲ ಇದಕ್ಕೆ ಸಾಲದು, ಹಲವು ಕೊಟ್ಟಿಗೆಗಳ ಸಗಣಿಯನ್ನು ಕೂಡಿಸಿದ ದೊಡ್ಡ ಘಟಕ ಬೇಕಾದೀತು. ಅಂಥ ಕಡೆ ಉರಿಯನ್ನು ಇನ್ನೂ ಚುರುಕುಗೊಳಿಸಬೇಕೆನಿಸಿದರೆ, ಆಮ್ಲಜನಕ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಒಲೆಯ ಹೊಗೆಗೊಳವೆಯಿಂದ ಹೊರಹೋಗುವ ಬಿಸಿಯಲ್ಲಿ, ಒಳಬರುವ ಗಾಳಿಯನ್ನು ಜೋಡಿ ಕೊಳವೆಯ ಮೂಲಕ ಹಾಯಿಸಿ ಮೊದಲೇ ಕಾಯಿಸುವುದು ಅದು. ಗಾಳಿ 100 ಡಿಗ್ರಿ ಕಾದಷ್ಟಕ್ಕೂ ಉರಿಯ ತಾಪ ಸುಮಾರು 50 ಡಿಗ್ರಿ ಏರುತ್ತದೆ, ಉರಿಯ ವೇಗವೂ ಜೊತೆಗೆ ಹೆಚ್ಚುತ್ತದೆ. ಮುಚ್ಚಿದ ಇಟ್ಟಿಗೆ ಒಲೆಗೆ ತಗಡಿನ ಎರಡು ಪದರದ ಹೊಗೆಗೊಳವೆ ಕೂರಿಸುವುದು ಶಿಡ್ಲಘಟ್ಟದ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ. ಗಂಧಕವನ್ನು ಮೊದಲೇ ತುಕ್ಕಿನ ಶೋಧಕದಲ್ಲಿ ತಡೆದಿದ್ದರೆ ಆ ತಗಡು ಬೇಗ ತೂತಾಗುವುದೂ ಇಲ್ಲ.